ನಗೋಯಾದ ತಂತಿ, ನಾಗಪುರದ ಮೆರವಣಿಗೆ

ನಾಗಪುರದಲ್ಲಿ ಭೀಮಗೀತೆಯ ಕಾರ್ಯಕ್ರಮ ನೋಡಿದವರಿಗೆ ಹಾರ್ಮೋನಿಯಂ, ಢೋಲಕ್‌ಗಳ ಪಕ್ಕದಲ್ಲಿದ್ದ ಇನ್ನೊಂದು ವಾದ್ಯ ನೆನಪಿರಬಹುದು. ಉದ್ದನೆಯ ಮರದ ಪೆಟ್ಟಿಗೆ. ಅದರ ಮೇಲೆ ಬಿಗಿದ ಉಕ್ಕಿನ ತಂತಿಗಳು. ತಂತಿಗಳ ಮೇಲೆ ಹಳೆಯ ಟೈಪ್‌ರೈಟರಿನಲ್ಲಿರುವ ಹಾಗೆ ಸಾಲು ಗುಂಡಿಗಳು. ವಾದಕನ ಎಡಗೈ ಗುಂಡಿ ಒತ್ತುತ್ತದೆ, ಬಲಗೈ ಪಿಕ್ ಹಿಡಿದು ತಂತಿ ಮೀಟುತ್ತದೆ. ಪೆಟ್ಟಿಗೆಯಿಂದ ಹೊರಟ ವೈರು ಆಂಪ್ಲಿಫೈಯರಿಗೆ ಹೋಗುತ್ತದೆ. ಅಲ್ಲಿಂದ ಬರುವ ಸ್ವರ ಚೂಪು, ಸ್ವಲ್ಪ ಕರ್ಕಶ, ಆದರೆ ಸಾವಿರ ಜನರ ಗದ್ದಲವನ್ನು ಸೀಳಿಕೊಂಡು ಕೊನೆಯ ಸಾಲಿಗೆ ತಲುಪುತ್ತದೆ. ಎಲ್ಲರೂ ಇದನ್ನು ಬ್ಯಾಂಜೋ ಎನ್ನುತ್ತಾರೆ. ಬೆಳಗಾವಿ, ಕಲಬುರ್ಗಿ ಕಡೆಯ ಮೆರವಣಿಗೆಗಳನ್ನು ಕಂಡವರಿಗೂ ಇದು ಹೊಸದಲ್ಲ. ಅಮೆರಿಕದ ಬ್ಯಾಂಜೋಗೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ. ಇದರ ಇನ್ನೊಂದು ಹೆಸರು ಬುಲ್‌ಬುಲ್ ತರಂಗ. ಇದರ ಮೂಲ ವಾದ್ಯ ಹುಟ್ಟಿದ್ದು ಜಪಾನಿನ ನಗೋಯಾದಲ್ಲಿ, 1912ರಲ್ಲಿ.

ಅದೇ ನಗೋಯಾ ಲೋಕದ ಗಿಟಾರ್ ಪ್ರಿಯರಿಗೆ ಬೇರೆ ಕಾರಣಕ್ಕೆ ಗೊತ್ತು. ಐಬನೀಜ್ ಗಿಟಾರ್‌ಗಳನ್ನು ಮಾರುವ ಹೋಶಿನೋ ಕಂಪನಿಯ ಊರು ಅದು. 1970ರ ದಶಕದ ಐಬನೀಜ್, ಗ್ರೆಕೋ, ಟೋಕಾಯ್, 1980ರ ದಶಕದ ಆರಂಭದ ಜಪಾನಿ ಫೆಂಡರ್ — ಇವುಗಳನ್ನು ಹುಡುಕಿ ಸಂಗ್ರಹಿಸುವವರು ಅಮೆರಿಕದಲ್ಲಿ, ಯುರೋಪಿನಲ್ಲಿ, ಈಗ ಭಾರತದಲ್ಲೂ ಇದ್ದಾರೆ. ನಗೋಯಾದ ಒಂದು ಸಂತತಿಗೆ ಇಂಥ ಆರೈಕೆ ಸಿಗುತ್ತಿದೆ. ನಾಗಪುರದ ಬೀದಿಗೆ ಬಂದ ಇನ್ನೊಂದು ಸಂತತಿ ಹಳತಾದರೆ ಗುಜರಿಗೆ ಹೋಗುತ್ತದೆ. ಜಪಾನಿನ ಹಳೆಯ ವಾದ್ಯಗಳ ಮೇಲೆ ನಿಜವಾದ ಪ್ರೀತಿ ಇರುವ ಭಾರತೀಯ ಸಂಗ್ರಾಹಕ ತನ್ನ ಕೆಲಸವನ್ನು ಶುರುಮಾಡಬೇಕಾದ್ದು ಈ ಎರಡನೆಯ ಸಂತತಿಯಿಂದ. ಇದನ್ನು ಒಪ್ಪಬೇಕಾದರೆ ಮೊದಲು ಜಪಾನಿ ಗಿಟಾರ್‌ಗೆ ಬೆಲೆ ಹೇಗೆ ಬಂತು ಎಂಬುದನ್ನು ನೋಡಬೇಕು.

ಜಪಾನಿನ ವಿದ್ಯುತ್ ಗಿಟಾರ್‌ನ ಕಥೆ ಶುರುವಾಗುವುದು ರಾಕ್ ಸಂಗೀತದಿಂದಲ್ಲ, ಹವಾಯಿಯನ್ ಗಿಟಾರ್‌ನಿಂದ. ತೊಡೆಯ ಮೇಲಿಟ್ಟು ಲೋಹದ ತುಂಡನ್ನು ಜಾರಿಸಿ ನುಡಿಸುವ ಆ ವಾದ್ಯದ ಹುಚ್ಚು ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಟೋಕಿಯೋಗೂ ಬಂದಿತ್ತು, ಕೋಲ್ಕತ್ತಾಕ್ಕೂ ಬಂದಿತ್ತು. 1930ರ ದಶಕದಲ್ಲಿ ಗಯಾಟೋನ್ ಸ್ಥಾಪಕರು ಅದಕ್ಕೆ ವಿದ್ಯುತ್ ಜೋಡಿಸಿದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಗಿಟಾರ್ ವಾದಕ ಅತ್ಸುವೊ ಕನೆಕೊ ಮತ್ತು ಎಂಜಿನಿಯರ್ ದೋರ್ಯು ಮತ್ಸುದಾ ಸೇರಿ ಟೈಸ್ಕೋ ಸ್ಥಾಪಿಸಿದರು. 1960ರ ದಶಕದಲ್ಲಿ ಅಮೆರಿಕದ ವೆಂಚರ್ಸ್ ತಂಡ ಜಪಾನಿಗೆ ಬಂದು ಹೋದ ಮೇಲೆ ಹುಡುಗರ ಕೈಗೆಲ್ಲ ಗಿಟಾರ್ ಬೇಕಾಯಿತು. ಅದಕ್ಕೆ ಅವರಿಟ್ಟ ಹೆಸರು ‘ಎಲೆಕಿ’. ಇದು ಹುಡುಗರನ್ನು ಕೆಡಿಸುತ್ತದೆಂದು ಎಷ್ಟೋ ಶಾಲೆಗಳು ನಿಷೇಧ ಹಾಕಿದವು. ಅಮೆರಿಕದ ಅಂಗಡಿಗಳಿಗೆ ಹೋದ ಅಗ್ಗದ ಜಪಾನಿ ಗಿಟಾರ್‌ಗಳನ್ನು ಅಲ್ಲಿಯವರು ಆಟಿಕೆಯೆಂದು ನಕ್ಕರು. ಕ್ರಿಸ್‌ಮಸ್‌ಗೆ ಮಕ್ಕಳಿಗೆ ಕೊಡಿಸುವ, ಜನವರಿಯಲ್ಲಿ ಅಟ್ಟಕ್ಕೆ ಸೇರುವ ವಸ್ತು ಅದು.

ನಗುವನ್ನು ನಿಲ್ಲಿಸಿದವರಲ್ಲಿ ಮುಖ್ಯರು ನಗಾನೊ ಪ್ರಾಂತ್ಯದ ಮತ್ಸುಮೋತೊ ಊರಿನ ಕೆಲಸಗಾರರು. ಅಲ್ಲಿನ ಮತ್ಸುಮೊಕು ಕಾರ್ಖಾನೆ ಮೊದಲು ಹೊಲಿಗೆ ಯಂತ್ರದ ಮರದ ಪೆಟ್ಟಿಗೆಗಳನ್ನು ಮಾಡುತ್ತಿತ್ತು. 1960ರಲ್ಲಿ ಅದೇ ಊರಲ್ಲಿ ಶುರುವಾದ ಫ್ಯೂಜಿಗೆನ್ ಕಾರ್ಖಾನೆಯ ಇಬ್ಬರು ಸ್ಥಾಪಕರಲ್ಲಿ ಒಬ್ಬರಾದ ಯುಇಚಿರೊ ಯೊಕೊಉಚಿ ಬೇಸಾಯಗಾರರು. ಮರಗೆಲಸ ಗೊತ್ತಿದ್ದವರು, ಗಿಟಾರ್ ಗೊತ್ತಿಲ್ಲದವರು, ಮಾಡಿ ಮಾಡಿ ಕಲಿತರು. ಮೊದಲು ಗಿಬ್ಸನ್, ಫೆಂಡರ್ ಗಿಟಾರ್‌ಗಳನ್ನು ನೋಡಿ ನಕಲು ಮಾಡಿದರು. ನಕಲು ಎಷ್ಟು ಚೆನ್ನಾಯಿತೆಂದರೆ 1977ರ ಜೂನ್‌ನಲ್ಲಿ ಗಿಬ್ಸನ್‌ನ ಒಡೆಯ ಕಂಪನಿ ನಾರ್ಲಿನ್, ಹೋಶಿನೋದ ಅಮೆರಿಕದ ಶಾಖೆಯ ಮೇಲೆ ಫಿಲಡೆಲ್ಫಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿತು. ಜಗಳ ಇದ್ದದ್ದು ಗಿಟಾರ್‌ನ ತಲೆಯ ಆಕಾರದ ಬಗ್ಗೆ. ಐಬನೀಜ್ ಅಷ್ಟರಲ್ಲೇ ಆ ಆಕಾರ ಬಿಟ್ಟಾಗಿತ್ತು. ಮರುವರ್ಷ ರಾಜಿಯಾಯಿತು. 1982ರಲ್ಲಿ ಫೆಂಡರ್ ಕಂಪನಿಯೇ ಜಪಾನಿನಲ್ಲಿ ಜಂಟಿ ಸಂಸ್ಥೆ ಕಟ್ಟಿ, ತನ್ನ ಹೆಸರಿನ ಗಿಟಾರ್‌ಗಳನ್ನು ಅದೇ ಫ್ಯೂಜಿಗೆನ್‌ನಲ್ಲಿ ಮಾಡಿಸಿತು. ನಕಲು ಮಾಡಿದವರ ಮನೆಬಾಗಿಲಿಗೆ ಅಸಲಿನವರು ಬಂದರು.

ಅಲ್ಲಿಂದ ಬಹಳ ಕಾಲ ಈ ಅಧ್ಯಾಯ ಉಳಿಯಲಿಲ್ಲ. 1985ರ ಸೆಪ್ಟೆಂಬರ್‌ನ ಪ್ಲಾಜಾ ಒಪ್ಪಂದದ ನಂತರ ಯೆನ್ ಏರಿತು. ಡಾಲರಿಗೆ ಸುಮಾರು 240 ಇದ್ದದ್ದು 1987ರ ಕೊನೆಗೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ರಫ್ತಿನ ಗಿಟಾರ್‌ಗಳ ಕೆಲಸ ಕೊರಿಯಾಕ್ಕೆ ಸರಿಯಿತು. ಮತ್ಸುಮೊಕು 1987ರಲ್ಲಿ ಬಾಗಿಲು ಹಾಕಿತು. ಮುಚ್ಚಿದ ಕಾರ್ಖಾನೆಯ ವಸ್ತು ಇನ್ನು ಹೊಸದಾಗಿ ಬರುವುದಿಲ್ಲ ಎಂದಾಗ ಸಂಗ್ರಾಹಕರ ಕಣ್ಣು ಅದರ ಮೇಲೆ ಬಿತ್ತು.

ಆದರೆ ಅಪರೂಪವಾದದ್ದಕ್ಕೆಲ್ಲ ಬೆಲೆ ಬರುವುದಿಲ್ಲ. ಜಪಾನಿ ಗಿಟಾರ್‌ಗೆ ಬೆಲೆ ತಂದದ್ದು ದಾಖಲೆ. 1975ರ ನಂತರದ ಕೆಲವು ವರ್ಷಗಳ ಐಬನೀಜ್ ಗಿಟಾರ್‌ನ ಮೇಲೆ ಒಂದು ಅಕ್ಷರ ಮತ್ತು ಕೆಲವು ಅಂಕಿಗಳಿರುತ್ತವೆ. ಅಕ್ಷರ ತಿಂಗಳನ್ನು, ಮೊದಲ ಎರಡು ಅಂಕಿ ವರ್ಷವನ್ನು ಹೇಳುತ್ತವೆ. ‘ಸಿ 77’ ಎಂದರೆ 1977ರ ಮಾರ್ಚ್. ಸಂಗ್ರಾಹಕರು ಹಳೆಯ ಕ್ಯಾಟಲಾಗ್‌ಗಳನ್ನು ಒಟ್ಟುಮಾಡಿದರು. ಯಾವ ವರ್ಷ ಯಾವ ಮರ, ಪಿಕಪ್‌ನ ಬೆನ್ನ ಮೇಲಿನ ಸಂಖ್ಯೆಗೆ ಏನರ್ಥ, ಯಾವ ಹೆಸರಿನ ಗಿಟಾರ್ ನಿಜವಾಗಿ ಯಾವ ಕಾರ್ಖಾನೆಯಲ್ಲಿ ಆಯಿತು ಎಂದು ಪಟ್ಟಿ ಮಾಡಿದರು. ಆಮೇಲೆ ಅದರ ಸುತ್ತ ಕಥೆಗಳೂ ಬೆಳೆದವು. ‘ದಾವೆ ಕಾಲದ ಗಿಟಾರ್’ ಎಂಬ ಹೆಸರಲ್ಲಿ ಇಂದು ಎಷ್ಟೋ ಜಪಾನಿ ಗಿಟಾರ್‌ಗಳು ಮಾರಾಟವಾಗುತ್ತವೆ. ಕೋರ್ಟಿಗೆ ಎಳೆಸಿಕೊಂಡದ್ದು ಐಬನೀಜ್ ಹೆಸರಿನ ಗಿಟಾರ್ ಮಾತ್ರ. ಉಳಿದವು ಅದರ ನೆರಳಲ್ಲಿ ದರ ಏರಿಸಿಕೊಂಡವು. ಅದು ಸಂಗ್ರಹಲೋಕದ ಸಣ್ಣತನ. ಆದರೂ ಆ ಲೋಕ ಒಂದು ಒಳ್ಳೆಯ ಕೆಲಸ ಮಾಡಿತು. ಮತ್ಸುಮೋತೊದ ಹೆಸರಿಲ್ಲದ ಮರಗೆಲಸದವರ ದುಡಿಮೆಗೆ ತಾರೀಖು, ಊರು, ಗೌರವ ತಂದುಕೊಟ್ಟಿತು.

ಭಾರತದಲ್ಲಿ ಈ ಸಂಗ್ರಹಕ್ಕೆ ಮೊದಲಿಂದಲೂ ಅಡ್ಡಗೋಡೆಗಳಿವೆ. ಪರವಾನಗಿಯ ಕಾಲದಲ್ಲಿ ವಿದೇಶಿ ಗಿಟಾರ್ ಮಾಮೂಲಿ ಅಂಗಡಿಗೆ ಬರುವ ವಸ್ತುವಾಗಿರಲಿಲ್ಲ. ಹಡಗಿನಲ್ಲಿ ಕೆಲಸ ಮಾಡುವ ನೆಂಟರಿದ್ದವರು, ಪರದೇಶಕ್ಕೆ ಹೋಗಿ ಬಂದವರು ತಂದರೆ ಉಂಟು. ಉಳಿದವರಿಗೆ ಕೋಲ್ಕತ್ತಾದ ಗಿಟಾರ್‌ಗಳಿದ್ದವು. ಅವುಗಳಲ್ಲಿ ಹೆಚ್ಚು ಹೆಸರಾದ ಗಿವ್ಸನ್‌ನ ಹೆಸರು ಕೇಳಿದೊಡನೆ ಗಿಬ್ಸನ್ ನೆನಪಾಗುತ್ತದೆ. ಭಾರತದ ಎಷ್ಟೋ ಊರುಗಳ ಆರ್ಕೆಸ್ಟ್ರಾಗಳು, ಚರ್ಚಿನ ಹಾಡು ತಂಡಗಳು ಇಂಥ ಗಿಟಾರ್‌ಗಳಲ್ಲೇ ಕಲಿತವು. 2001ರಲ್ಲಿ ಆಮದಿನ ಪ್ರಮಾಣ ನಿರ್ಬಂಧಗಳು ಹೋದ ಮೇಲೆ ಹೊಸ ಗಿಟಾರ್ ಸುಲಭವಾಯಿತು. ಈಗ ಯಮಾಹಾ ಚೆನ್ನೈ ಬಳಿಯೇ ಗಿಟಾರ್ ಮಾಡುತ್ತದೆ. ಆದರೆ ಬಳಸಿದ ಸರಕಿನ ಆಮದಿಗೆ ಇಂದಿಗೂ ಸಾಮಾನ್ಯವಾಗಿ ಸರ್ಕಾರದ ಅನುಮತಿ ಬೇಕು. 1977ರ ಗಿಟಾರ್ ಎಂದರೆ ಕಾನೂನಿನ ಕಣ್ಣಲ್ಲಿ ಬಳಸಿದ ಸರಕು. ನಾಗಪುರದ ಸೀತಾಬರ್ಡಿಯಲ್ಲಿ ಕುಳಿತು ಟೋಕಿಯೋದ ಅಂಗಡಿಯ ಹಳೆಯ ಗ್ರೆಕೋಗೆ ಆಸೆಪಡುವವನಿಗೆ ವಾದ್ಯದ ಬೆಲೆ, ಸಾಗಣೆ, ಸುಂಕ, ಅನುಮತಿ ಎಲ್ಲವೂ ಸೇರಿ ಅದು ಉಳ್ಳವರ ಆಟವಾಗಿಬಿಡುತ್ತದೆ.

ಆದರೆ ಜಪಾನಿನ ತಂತಿವಾದ್ಯ ಬಡವರ ಕೈಗೆ ಅದಕ್ಕೂ ಎಷ್ಟೋ ಮುಂಚೆ, ಬೇರೆ ದಾರಿಯಲ್ಲಿ ಬಂದಿತ್ತು. ನಗೋಯಾದ ಗೋರೊ ಮೊರಿತಾ 1912ರಲ್ಲಿ ಟೈಪ್‌ರೈಟರಿನ ಗುಂಡಿಗಳನ್ನು ತಂತಿಗೆ ಜೋಡಿಸಿ ತಾಯ್ಶೋಗೋತೊ ಎಂಬ ವಾದ್ಯ ಮಾಡಿದರು. ಅದೇ ವರ್ಷ ಜಪಾನಿನಲ್ಲಿ ತಾಯ್ಶೋ ಚಕ್ರವರ್ತಿಯ ಕಾಲ ಶುರುವಾಗಿತ್ತು. ಹೆಸರು ಅಲ್ಲಿಂದ ಬಂತು. ವರ್ಷಗಟ್ಟಲೆ ಕೈ ಪಳಗಿಸದೆ ಮನೆಯಲ್ಲಿ ಹಾಡು ನುಡಿಸಬೇಕೆಂಬವರಿಗೆ ಅದು ಒದಗಿತು. ಹಡಗಿನವರು, ವ್ಯಾಪಾರಿಗಳು ಅದನ್ನು ಏಷ್ಯಾ, ಆಫ್ರಿಕಾಗಳ ಬಂದರುಗಳಿಗೆ ಒಯ್ದರು. ಪೂರ್ವ ಆಫ್ರಿಕಾದ ಸ್ವಾಹಿಲಿ ತಾರಬ್ ಸಂಗೀತದಲ್ಲಿ ಅದು ಸೇರಿಕೊಂಡಿತು. ಮಾಲ್ಡೀವ್ಸ್‌ನಲ್ಲಿ ಬುಲ್‌ಬುಲ್ ಆಯಿತು. ಬಲೂಚಿಸ್ತಾನದಲ್ಲಿ ಬೇಂಜು ಆಯಿತು. ಉತ್ತರ ಭಾರತದ ಖವಾಲಿ ಪಾರ್ಟಿಗಳಲ್ಲಿ, ಮಹಾರಾಷ್ಟ್ರದ ಮೆರವಣಿಗೆಗಳಲ್ಲಿ ಬ್ಯಾಂಜೋ ಆಯಿತು.

ಇಲ್ಲಿಗೆ ಬಂದದ್ದು ಹಾಗೇ ಉಳಿಯಲಿಲ್ಲ. ಶ್ರುತಿಯ ತಂತಿಗಳು ಜೊತೆಗೂಡಿದವು. ಪೆಟ್ಟಿಗೆ ದೊಡ್ಡದಾಯಿತು. ಬೀದಿಯಲ್ಲಿ ಹತ್ತಾರು ತಮಟೆ, ಡ್ರಮ್ಮುಗಳ ನಡುವೆ ಕೇಳಬೇಕಾದರೆ ಮರದ ಪೆಟ್ಟಿಗೆಯ ದನಿ ಸಾಲದು. ಅದಕ್ಕೆ ಪಿಕಪ್ ಹಾಕಿದರು. ಪಿಕಪ್ ಎಂದರೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಕಾಂತಕ್ಷೇತ್ರ ಅಲುಗುತ್ತದೆ, ಸುತ್ತಿನಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಫ್ಯೂಜಿಗೆನ್‌ನ ಗಿಟಾರ್ ಹಾಡುವುದೂ, ಪಿಕಪ್ ಹಾಕಿದ ಬ್ಯಾಂಜೋ ಹಾಡುವುದೂ ಇದೇ ತತ್ವದಲ್ಲಿ. ಒಂದಕ್ಕೆ ಕಾರ್ಖಾನೆಯ ನಕ್ಷೆ ಇತ್ತು. ಇನ್ನೊಂದಕ್ಕೆ ಹೆಚ್ಚಿನ ಕಡೆ ರೇಡಿಯೋ ರಿಪೇರಿಯವನ ಬೆಸುಗೆ, ವಾದಕನ ಕಿವಿ ಇಷ್ಟೇ ಆಧಾರ. ಹೀಗೆ ಊರೂರಲ್ಲಿ ಮಾಡಿಕೊಂಡ ಮಾರ್ಪಾಟುಗಳಲ್ಲೇ ಈ ವಾದ್ಯದ ಇತಿಹಾಸ ಇದೆ. ಅದನ್ನು ಯಾರೂ ಬರೆದಿಟ್ಟಿಲ್ಲದಿದ್ದರೆ ಪೆಟ್ಟಿಗೆಗಳೇ ಅದರ ಪುಸ್ತಕ.

ನಾಗಪುರದಲ್ಲಿ ಈ ವಾದ್ಯಕ್ಕೆ ಇನ್ನೂ ಒಂದು ತೂಕ ಇದೆ. 1956ರ ಅಕ್ಟೋಬರ್ 14ರಂದು ಡಾ. ಬಿ.ಆರ್. ಅಂಬೇಡ್ಕರ್ ಇಲ್ಲಿ ಬೌದ್ಧ ದೀಕ್ಷೆ ಪಡೆದರು. ಅವರ ಜೊತೆ ಲಕ್ಷಾಂತರ ಜನ ಪಡೆದರು. ಆ ಚಳವಳಿ ಹಳ್ಳಿಹಳ್ಳಿಗೆ ಹೋದದ್ದು ಪುಸ್ತಕದಿಂದ ಎಷ್ಟೋ ಹಾಡಿನಿಂದಲೂ ಅಷ್ಟೇ. ಓದು ಬಾರದವರಿಗೆ ಸಂವಿಧಾನ, ಶಿಕ್ಷಣ, ಸ್ವಾಭಿಮಾನದ ಮಾತು ತಲುಪಿದ್ದು ಭೀಮಗೀತೆಗಳಲ್ಲಿ. ವಾಮನದಾದಾ ಕರ್ಡಕ್ ಅವರಂಥ ಕವಿಗಳ ಹಾಡುಗಳು ಊರೂರು ಸುತ್ತಿದವು. ಖವಾಲಿಯ ಧಾಟಿಯನ್ನು, ಅದರೊಡನೆ ಬ್ಯಾಂಜೋವನ್ನು ಈ ಗಾಯನ ತನ್ನದಾಗಿಸಿಕೊಂಡಿತು. ಅಗ್ಗ, ಹಗುರ, ಬಗಲಲ್ಲಿ ಹಿಡಿದು ಬಸ್ಸು ಹತ್ತಬಹುದು, ಗುರುಕುಲದ ಅಪ್ಪಣೆ ಬೇಡ. ಸಂಗೀತದ ಮನೆಗಳ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಈ ವಾದ್ಯ ಬಾಗಿಲು ತೆರೆಯಿತು.

ನಾಗಪುರದಲ್ಲಿ ಜಪಾನ್ ಎಂದರೆ ಜನ ಮೊದಲು ನೆನೆಯುವುದು ಬೇರೆಯದನ್ನು. ಒಕಾಯಾಮಾದಲ್ಲಿ ಹುಟ್ಟಿ, 1960ರ ದಶಕದಲ್ಲಿ ಇಲ್ಲಿಗೆ ಬಂದು ಇಲ್ಲಿಯವರೇ ಆಗಿಹೋದ ಇಂದೋರಾದ ಭಂತೆ ಸುರಯೀ ಸಸಾಯಿ, ಜಪಾನಿನ ನೆರವಿನಿಂದ 1999ರಲ್ಲಿ ಕಾಮ್ಠಿಯಲ್ಲಿ ಆದ ಡ್ರ್ಯಾಗನ್ ಪ್ಯಾಲೇಸ್ ವಿಹಾರ. ಅವುಗಳಿಗೆ ಫಲಕ ಇದೆ, ಫೋಟೋ ಇದೆ, ಪ್ರವಾಸಿಗರಿದ್ದಾರೆ. ಅದೇ ವಿಹಾರಗಳ ಮುಂದಿನ ಹಬ್ಬದಲ್ಲಿ ನುಡಿಯುವ ಪೆಟ್ಟಿಗೆಯೂ ಜಪಾನಿನಿಂದ ಬಂದದ್ದೆಂದು ಹೇಳುವ ಒಂದು ಸಾಲೂ ಕಾಣುವುದಿಲ್ಲ.

ಸರ್ಕಾರದ ಕಡತದಲ್ಲಂತೂ ವಿಚಿತ್ರ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ ದೇಶೀಯ, ಕೈಯಲ್ಲಿ ಮಾಡಿದ ವಾದ್ಯಗಳಿಗೆ ತೆರಿಗೆ ಇಲ್ಲವೆಂದು ಒಂದು ಪಟ್ಟಿ ಹೊರಟಿತು. ಅದರಲ್ಲಿ ಏಕತಾರಿ, ದೋತಾರಗಳ ಜೊತೆ ಬುಲ್‌ಬುಲ್ ತರಂಗವೂ ಇದೆ. ನಗೋಯಾದ ವಾದ್ಯ ನೂರು ವರ್ಷದಲ್ಲಿ ತೆರಿಗೆ ಇಲಾಖೆಯ ಲೆಕ್ಕದಲ್ಲಿ ದೇಶೀಯವಾಯಿತು. ಇದನ್ನು ಗುಮಾಸ್ತನ ತಪ್ಪೆಂದು ನಗಬೇಕಿಲ್ಲ. ಯಾರು ನುಡಿಸಿದರೋ, ಯಾರು ಬದಲಿಸಿದರೋ ಅವರದೇ ವಾದ್ಯ ಎಂಬ ಸರಿಯಾದ ತೀರ್ಪನ್ನು ಕಡತ ತನಗರಿವಿಲ್ಲದೆ ಕೊಟ್ಟಿದೆ.

ಕನ್ನಡಿಗರಿಗೆ ಈ ತೀರ್ಪು ಹೊಸದೇನಲ್ಲ. ಪಿಟೀಲು ಯುರೋಪಿನದು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ಅವರ ಹೆಸರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತದ ವಾದ್ಯವಾಗಿಸಿದರು. ಹಾರ್ಮೋನಿಯಂ ಭಾರತದ್ದಲ್ಲ, ಗಮಕ ಬಾರದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ಮೂರು ದಶಕದ ನಂತರ ನಿಯಮ ಸಡಿಲವಾಯಿತು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥ ವಾದಕರ ಕೈಯಲ್ಲಿ ಅದೇ ಹಾರ್ಮೋನಿಯಂ ಏನು ಹೇಳಬಲ್ಲದು ಎಂಬುದು ಉತ್ತರ ಕರ್ನಾಟಕಕ್ಕೆ ಗೊತ್ತು. ಬ್ಯಾಂಜೋದ ಮೇಲಿನ ಆಕ್ಷೇಪಣೆಯೂ ಅದೇ: ಗುಂಡಿ ಒತ್ತಿದರೆ ಒಂದೇ ಸ್ವರ, ಮೀಂಡ್ ಇಲ್ಲ. ಆದರೆ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸ ಉಳಿಯುತ್ತದೆ. ಕಛೇರಿಗೆ ಹೋದ ಪರದೇಶಿ ವಾದ್ಯಕ್ಕೆ ಸಭಾಂಗಣ ಸಿಕ್ಕಿತು. ಬೀದಿಗೆ ಹೋದ ಪರದೇಶಿ ವಾದ್ಯಕ್ಕೆ ಮ್ಯೂಸಿಯಂನ ಒಂದು ಮೂಲೆ ಸಿಗುವುದೂ ಕಷ್ಟ. ಮಿರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. ಅದು ನ್ಯಾಯವೇ. ಆದರೆ ಅದೇ ಸೀಮೆಯ ಗಣಪತಿ ಮೆರವಣಿಗೆಯಲ್ಲಿ ನುಡಿಯುವ ಬ್ಯಾಂಜೋದ ತಯಾರಕ ಯಾರೆಂದು ಕೇಳಿದರೆ ಉತ್ತರ ಕೊಡಬಲ್ಲ ಕಚೇರಿ ಯಾವುದಿದೆ?

ಕಾರಣ ವಾದ್ಯದ ಗುಣದಲ್ಲಿಲ್ಲ, ನುಡಿಸುವವರ ಜಾತಿ, ಕೂಲಿ, ಓಣಿಗಳಲ್ಲಿದೆ. 2016ರಲ್ಲಿ ರವಿ ಜಾಧವ್ ನಿರ್ದೇಶಿಸಿದ ‘ಬ್ಯಾಂಜೋ’ ಹಿಂದಿ ಸಿನಿಮಾ ಈ ವಾದಕರ ಬಗ್ಗೆಯೇ ಇತ್ತು. ರಿತೇಶ್ ದೇಶಮುಖ್ ಪಾತ್ರಕ್ಕೆ ತನ್ನ ಕಲೆಯ ಬೆಲೆ ಗೊತ್ತಾಗಲು ಆ ಕಥೆಯಲ್ಲೂ ಅಮೆರಿಕದಿಂದ ಒಬ್ಬಳು ಹುಡುಕಿಕೊಂಡು ಬರಬೇಕಾಯಿತು. ಅದು ಸಿನಿಮಾದ ದೋಷ ಎನ್ನುವುದಕ್ಕಿಂತ ಸಮಾಜದ ಅಭ್ಯಾಸ ಎನ್ನಬಹುದು.

ಈಗ ಈ ಕೆಲಸಕ್ಕೆ ಅವಸರವೂ ಇದೆ. ಮೆರವಣಿಗೆಯಲ್ಲಿ ಬ್ಯಾಂಜೋದ ಜಾಗಕ್ಕೆ ಕೀಬೋರ್ಡ್ ಬಂದು ಬಹಳ ಕಾಲವಾಯಿತು. ಅದರ ಜೊತೆ ಆಕ್ಟೋಪ್ಯಾಡ್ ಬಂತು. ಕ್ಯಾಸಿಯೋ, ಯಮಾಹಾ, ರೋಲ್ಯಾಂಡ್ — ಇವೂ ಜಪಾನಿನವೇ. ಜಪಾನಿನ ಒಂದು ವಾದ್ಯವನ್ನು ಜಪಾನಿನ ಇನ್ನೊಂದು ವಾದ್ಯ ಬದಿಗೆ ಸರಿಸಿತು. ಆಮೇಲೆ ಡಿಜೆ ಬಂದು ಎಲ್ಲರನ್ನೂ ಸರಿಸಿತು. ಹೊಸದನ್ನು ತಪ್ಪೆನ್ನಲಾಗದು. ಒಂದು ಕೀಬೋರ್ಡಿನಲ್ಲಿ ನೂರು ವಾದ್ಯದ ದನಿ ಇರುವಾಗ ತಂತಿ ತುಕ್ಕು ಹಿಡಿಯುವ ಪೆಟ್ಟಿಗೆಯನ್ನು ಹೊತ್ತು ತಿರುಗು ಎಂದು ಹೊಟ್ಟೆಪಾಡಿನ ವಾದಕನಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಅವನು ಕೆಳಗಿಟ್ಟ ಪೆಟ್ಟಿಗೆಯನ್ನು ಎತ್ತಿಟ್ಟುಕೊಳ್ಳುವ ಹೊಣೆ, ಹಳೆಯ ವಾದ್ಯ ಇಷ್ಟ ಎನ್ನುವವರ ಮೇಲೆ ಬೀಳುತ್ತದೆ.

ಇದಕ್ಕೆ ಎದುರಾಗುವ ಮೊದಲ ಮಾತು: ಬ್ಯಾಂಜೋ ಇಂದಿಗೂ ಹೊಸದಾಗಿ ಸಿಗುತ್ತದೆ, ಅಗ್ಗ, ಅದನ್ನು ಸಂಗ್ರಹಿಸುವುದೇಕೆ? ಟೈಸ್ಕೋ ಬಗ್ಗೆಯೂ 1965ರಲ್ಲಿ ಹೀಗೇ ಹೇಳಬಹುದಿತ್ತು. ಅಗ್ಗದ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ. ಅದಕ್ಕೇ ಅದು ಮೊದಲು ಮಾಯವಾಗುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಪೆಟ್ಟಿಗೆ, ನಲವತ್ತು ವರ್ಷ ಮೆರವಣಿಗೆಯಲ್ಲಿ ನುಡಿದು, ಮೂರು ಸಲ ಪಿಕಪ್ ಬದಲಾಗಿ, ಗುಂಡಿಗಳ ಮೇಲಿನ ಅಕ್ಷರ ಬೆರಳಿಗೆ ಸವೆದುಹೋದ ಪೆಟ್ಟಿಗೆಗೆ ಸಮ ಅಲ್ಲ.

ಎರಡನೆಯ ಮಾತು ಹೆಚ್ಚು ಗಟ್ಟಿ. ಸಂಗ್ರಾಹಕರು ಬಂದರೆ ದರ ಏರುತ್ತದೆ, ವಾದ್ಯ ನುಡಿಸುವವರ ಕೈ ತಪ್ಪಿ ಗಾಜಿನ ಕಪಾಟು ಸೇರುತ್ತದೆ. ಜಪಾನಿ ಗಿಟಾರ್‌ನಲ್ಲಿ ಇದು ಆದದ್ದೇ. ರೈ ಕೂಡರ್ ತಮ್ಮ ಫೆಂಡರ್‌ಗೆ ಟೈಸ್ಕೋದ ಚಿನ್ನದ ಬಣ್ಣದ ತಗಡಿನ ಪಿಕಪ್ ಹಾಕಿ ನುಡಿಸಿದರು. ಆ ದನಿಗೆ ಹೆಸರು ಬಂದ ಮೇಲೆ ಎಷ್ಟೋ ಹಳೆಯ ಟೈಸ್ಕೋಗಳ ಪಿಕಪ್ ಕಿತ್ತು, ಮೈಯನ್ನು ಎಸೆದರು. ಅಂಗಕ್ಕಾಗಿ ಇಡೀ ವಾದ್ಯವನ್ನು ಕೊಂದ ಹಾಗೆ. ಬ್ಯಾಂಜೋಗೆ ಇಂಥ ಸಂಗ್ರಹ ಬೇಡ. ಬೇಕಾದದ್ದು ವಾದಕನನ್ನು ಒಳಗೊಂಡ ಸಂಗ್ರಹ. ನುಡಿಸುತ್ತಿರುವವರ ಕೈಯಿಂದ ಕೊಳ್ಳಬಾರದು. ಬಿಟ್ಟವರಿಂದ, ತೀರಿಹೋದವರ ಮನೆಯಿಂದ, ಗುಜರಿಯಿಂದ ಕೊಳ್ಳಬೇಕು. ನ್ಯಾಯವಾದ ಬೆಲೆ ಕೊಡಬೇಕು. ರಿಪೇರಿಯವನಿಗೆ ಕೆಲಸ ಕೊಡಬೇಕು. ಕೊಂಡ ವಾದ್ಯ ನುಡಿಯುವ ಸ್ಥಿತಿಯಲ್ಲಿರಬೇಕು.

ಹಾಗೆ ಗಮನ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಇದೇ ವಾದ್ಯದ ಕುಲದಲ್ಲಿ ಉದಾಹರಣೆ ಇದೆ. ಬಲೂಚಿಸ್ತಾನದಲ್ಲಿ ಬೇಂಜು ಆಟಿಕೆಯಾಗಿ ಬಂದು, ದೊಡ್ಡದಾಗಿ, ಗಂಭೀರ ಸಂಗೀತದ ವಾದ್ಯವಾಯಿತು. ಅಲ್ಲಿನ ನೂರ್ ಬಖ್ಶ್ ಎಂಬ ವೃದ್ಧ ವಾದಕ ಜೀವಮಾನವಿಡೀ ತನ್ನ ಸೀಮೆಯಲ್ಲೇ ನುಡಿಸಿಕೊಂಡಿದ್ದವರು. ಅವರ ನಾದವನ್ನು ಮಾನವಶಾಸ್ತ್ರಜ್ಞರೊಬ್ಬರು ಹುಡುಕಿಹೋಗಿ ಮುದ್ರಿಸಿಕೊಂಡರು. 2022ರಲ್ಲಿ ಆಲ್ಬಮ್ ಬಂತು. ಆಮೇಲೆ ಯುರೋಪಿನ ವೇದಿಕೆಗಳು ಅವರನ್ನು ಕರೆದವು. ನುಡಿಸಿದ್ದು ಅದೇ ಗುಂಡಿಗಳ, ಅದೇ ಪಿಕಪ್ ಹಾಕಿದ ಪೆಟ್ಟಿಗೆ. ನಾಗಪುರದಲ್ಲೋ ಕಲಬುರ್ಗಿಯಲ್ಲೋ ಅಂಥ ಕೈ ಇಲ್ಲವೆಂದು ಹೇಳಬೇಕಾದರೂ ಮೊದಲು ಯಾರಾದರೂ ಹೋಗಿ ಕೇಳಿರಬೇಕು.

ಕೇಳಲು ದೊಡ್ಡ ಹಣ ಬೇಡ. ಗಿಟಾರ್ ಸಂಗ್ರಾಹಕನಿಗೆ ಗೊತ್ತಿರುವ ಶಿಸ್ತೇ ಸಾಕು. ಪ್ರತಿ ಪೆಟ್ಟಿಗೆಗೂ ಒಂದು ಹಾಳೆ: ಎಲ್ಲಿ ಕೊಂಡದ್ದು, ಯಾವ ವರ್ಷ, ಮಾಡಿದವರು ಯಾರು, ಎಷ್ಟು ತಂತಿ, ಯಾವ ಶ್ರುತಿ, ಪಿಕಪ್ ಹಾಕಿದ್ದು ಯಾರು, ಯಾವ ಮೇಳದಲ್ಲಿ ನುಡಿಯಿತು. ವಾದಕ ಒಪ್ಪಿದರೆ ಅವರ ಹೆಸರು, ಅವರ ಮಾತು, ಅವರು ನುಡಿಸಿದ ಎರಡು ಹಾಡಿನ ರೆಕಾರ್ಡಿಂಗ್. ಮೊಬೈಲ್ ಇರುವ ಯಾರಿಗೂ ಇದು ಸಾಧ್ಯ. 1863ರಲ್ಲಿ ಶುರುವಾದ ನಾಗಪುರದ ಕೇಂದ್ರ ವಸ್ತುಸಂಗ್ರಹಾಲಯವನ್ನು ಊರಿನವರು ಅಜಬ್ ಬಂಗ್ಲಾ ಎನ್ನುತ್ತಾರೆ. ಭೀಮಗೀತೆಯಲ್ಲಿ ನುಡಿದ ಒಂದು ಬ್ಯಾಂಜೋ, ಅದರ ಹಾಳೆಯ ಸಮೇತ, ಅಂಥ ಕಡೆ ಇರಲೇಬೇಕಾದ ವಸ್ತು. ಕಲಬುರ್ಗಿ, ಬೆಳಗಾವಿಯ ವಿಶ್ವವಿದ್ಯಾಲಯಗಳೂ ಜಾನಪದ ಎಂದರೆ ಡೊಳ್ಳು, ಏಕತಾರಿ ಎಂಬಲ್ಲಿಗೆ ನಿಲ್ಲಬೇಕಿಲ್ಲ. ವೈರು ಇರುವ ವಾದ್ಯವೂ ಜನಪದದ್ದೇ.

ಜಪಾನಿ ಗಿಟಾರ್‌ಗೆ ಮನಸೋತವರು ಅದನ್ನು ಬಿಡಬೇಕೆಂದು ಯಾರೂ ಹೇಳಬೇಕಿಲ್ಲ. 1977ರ ಐಬನೀಜ್ ಕೈಗೆ ಬಂದರೆ ಸಂತೋಷವೇ. ಅದರ ಕತ್ತು ಹಿಡಿದಾಗ ಮತ್ಸುಮೋತೊದ ಯಾವನೋ ಮರಗೆಲಸದವನ ಕೈ ತಾಗಿದಂತಾಗುತ್ತದೆ ಎಂದು ಸಂಗ್ರಾಹಕರು ಹೇಳುವುದರಲ್ಲಿ ಸುಳ್ಳಿಲ್ಲ. ಅದೇ ಮನಸ್ಸು ಮನೆಯ ಮುಂದೆ ಹಾದುಹೋಗುವ ಮೆರವಣಿಗೆಯಲ್ಲಿ ತಳ್ಳುಗಾಡಿಯ ಮೇಲಿಟ್ಟ ಪೆಟ್ಟಿಗೆಯನ್ನೂ ಒಮ್ಮೆ ನೋಡಲಿ. ಮೆರವಣಿಗೆ ಮುಗಿದ ಮೇಲೆ, ವಾದಕ ವೈರು ಸುತ್ತಿಕೊಳ್ಳುತ್ತಿರುವಾಗ, ಹತ್ತಿರ ಹೋಗಿ ಕೇಳಬಹುದು: ‘ಅಣ್ಣಾ, ಇದನ್ನ ಮಾಡಿದವರು ಯಾರು?’ ಇಡೀ ಸಂಗ್ರಹ ಶುರುವಾಗುವುದು ಆ ಪ್ರಶ್ನೆಯಿಂದ.